ಬೆಳಕು ಬೇಕು, ಬಿಸಿ ಬೇಡ: ಬಿಸಿಲನಾಡಿನ ಸೌರವಿದ್ಯುತ್ತಿನ ಲೆಕ್ಕ

ಏಪ್ರಿಲ್‌ನ ನಡುಮಧ್ಯಾಹ್ನ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನಲ್ಲಿ ತಗಡಿನ ಛಾವಣಿಯ ಮೇಲೆ ಬರಿಗಾಲಿಟ್ಟು ನಿಲ್ಲುವುದು ಯಾರಿಂದಲೂ ಆಗದ ಮಾತು. ನೆರಳಿನಲ್ಲಿಟ್ಟ ಉಷ್ಣಮಾಪಕ 42 ಡಿಗ್ರಿ ಸೆಲ್ಸಿಯಸ್ ತೋರಿಸುವ ಹೊತ್ತಿಗೆ, ಅದೇ ತಗಡಿಗೆ ಅಂಟಿದಂತೆ ಕೂರಿಸಿದ ಸೌರಫಲಕದ ಒಡಲಿನ ಶಾಖ 75 ಡಿಗ್ರಿಯನ್ನು ದಾಟಿರುತ್ತದೆ. ಆಕಾಶದಲ್ಲಿ ಮೋಡದ ತುಣುಕಿಲ್ಲ, ಸೂರ್ಯ ನೆತ್ತಿಯ ಮೇಲಿದ್ದಾನೆ. ಫಲಕ ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿರಬೇಕೆಂದು ನೋಡಿದವರು ಭಾವಿಸುವುದು ಸಹಜ. ಆದರೆ ಇನ್ವರ್ಟರ್‌ನ ಪರದೆ ಬೇರೆಯದೇ ಲೆಕ್ಕ ಹೇಳುತ್ತದೆ. 3 ಕಿಲೋವಾಟ್ ಎಂದು ಹಣ ತೆತ್ತು ತಂದ ಘಟಕವು ಎರಡೂವರೆ ಕಿಲೋವಾಟ್ ಕೊಡುವುದಕ್ಕೂ ಏದುಸಿರು ಬಿಡುತ್ತಿರುತ್ತದೆ.

ರಾಯಚೂರು ಜಿಲ್ಲೆಗೆ ಬಿಸಿಲೇ ಬಂಡವಾಳ ಎಂಬ ಮಾತು ಕಳೆದ ಹದಿನೈದು ವರ್ಷಗಳಿಂದ ಸಭೆ ಸಮಾರಂಭಗಳಲ್ಲಿ ಕೇಳಿಬರುತ್ತಿದೆ. ಕರ್ನಾಟಕ ವಿದ್ಯುತ್ ನಿಗಮವು ರಾಜ್ಯದಲ್ಲಿ ಮೊದಮೊದಲು ಸ್ಥಾಪಿಸಿದ ಮೆಗಾವಾಟ್ ಪ್ರಮಾಣದ ಸೌರ ಸ್ಥಾವರಗಳಲ್ಲಿ ಒಂದು, 3 ಮೆಗಾವಾಟ್ ಸಾಮರ್ಥ್ಯದ್ದು, ಇದೇ ಜಿಲ್ಲೆಯ ಯಾಪಲದಿನ್ನಿಯಲ್ಲಿ ತಲೆಯೆತ್ತಿತು. ಬಳಿಕ ಪಾವಗಡದ 2,050 ಮೆಗಾವಾಟ್‌ಗಳ ಉದ್ಯಾನ ಬಂದಿತು. ಈಗ ಮನೆಯ ಮೇಲ್ಛಾವಣಿಗೆ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಿದೆ. ಪಂಪ್‌ಸೆಟ್‌ಗಳಿಗೂ ಅವುಗಳಿಗೆ ವಿದ್ಯುತ್ ಒದಗಿಸುವ ಫೀಡರ್‌ಗಳಿಗೂ 2019ರ ಪಿಎಂ ಕುಸುಮ್ ಯೋಜನೆಯಿದೆ. ಇವೆಲ್ಲವುಗಳ ಲೆಕ್ಕಾಚಾರದ ತಳದಲ್ಲಿ ಒಂದು ಸರಳ ನಂಬಿಕೆ ಇದೆ: ಹೆಚ್ಚು ಬಿಸಿಲೆಂದರೆ ಹೆಚ್ಚು ವಿದ್ಯುತ್ತು. ಈ ನಂಬಿಕೆ ಅರ್ಧ ಮಾತ್ರ ನಿಜ.

ಫಲಕಕ್ಕೆ ಬೇಕಾದುದು ಬೆಳಕು, ಬಿಸಿಯಲ್ಲ. ಕನ್ನಡದಲ್ಲಿ 'ಬಿಸಿಲು' ಎಂಬ ಒಂದೇ ಪದ ಎರಡನ್ನೂ ಸೂಚಿಸುವುದರಿಂದ ಈ ವ್ಯತ್ಯಾಸ ಸುಲಭವಾಗಿ ಮರೆಯಾಗುತ್ತದೆ. ಸಿಲಿಕಾನ್ ಹರಳಿನ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಇಲೆಕ್ಟ್ರಾನುಗಳು ಬಿಡುಗಡೆಗೊಂಡು ವಿದ್ಯುತ್ ಪ್ರವಹಿಸುತ್ತದೆ. ಹರಳು ಕಾದಂತೆ ಈ ಪ್ರವಾಹ ಅತ್ಯಲ್ಪ ಹೆಚ್ಚುವುದಾದರೂ ಅದನ್ನು ಮುಂದೂಡುವ ಒತ್ತಡ, ಅಂದರೆ ವೋಲ್ಟೇಜ್, ಅದಕ್ಕಿಂತ ಬಹಳ ಬೇಗನೆ ಕುಸಿಯುತ್ತದೆ. ಒಂದೊಂದು ಕೋಶದಲ್ಲಿ ಪ್ರತಿ ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟ್ ಕಡಿಮೆಯಾಗುತ್ತ ಹೋಗುತ್ತದೆ. ಕಾಲುವೆಯಲ್ಲಿ ನೀರೇನೋ ತುಸು ಹೆಚ್ಚು ಬಂದಿತು, ಆದರೆ ಅದು ಧುಮುಕುವ ಎತ್ತರವೇ ತಗ್ಗಿತು ಎಂದರೆ ಗಿರಣಿ ತಿರುಗುವುದು ಹೇಗೆ? ಫಲಕದ ಪಾಡೂ ಅಂತಹುದೇ.

ಮೈಮೇಲೆ ಬಿದ್ದ ಬಿಸಿಲಿನಲ್ಲಿ ಇಂದಿನ ಒಳ್ಳೆಯ ಫಲಕವೂ ಐದನೆಯ ಒಂದು ಭಾಗದಷ್ಟನ್ನು ಮಾತ್ರ ವಿದ್ಯುತ್ತಾಗಿ ಪರಿವರ್ತಿಸಬಲ್ಲದು. ಪ್ರತಿಫಲಿಸಿ ಹೋಗುವ ಅಲ್ಪ ಭಾಗವನ್ನು ಬಿಟ್ಟರೆ ಉಳಿದುದೆಲ್ಲ ಅದರ ಒಡಲಿನಲ್ಲಿಯೇ ಶಾಖವಾಗಿ ಕೂರುತ್ತದೆ. ಕಪ್ಪು ಬಣ್ಣದ ಆ ತೆಳುವಾದ ಹಲಗೆಯು ತಾನು ಮಾಡುವ ಕೆಲಸದಿಂದಲೇ ತನ್ನ ಕಸುವನ್ನು ಕಳೆದುಕೊಳ್ಳುವ ಯಂತ್ರ.

25 ಡಿಗ್ರಿಯ ಕಟ್ಟುಕಥೆ

ಫಲಕದ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ 400 ವಾಟ್, 540 ವಾಟ್ ಎಂಬ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ಕಾರ್ಖಾನೆಯ ಕತ್ತಲೆಕೋಣೆಯಲ್ಲಿ, ಚದರ ಮೀಟರಿಗೆ 1,000 ವಾಟ್‌ನಷ್ಟು ಕೃತಕ ಬೆಳಕನ್ನು ಕ್ಷಣಮಾತ್ರ ಮಿಂಚಿಸಿ, ಫಲಕ ಬಿಸಿಯಾಗುವುದಕ್ಕೆ ಅವಕಾಶವನ್ನೇ ಕೊಡದೆ, ಕೋಶದ ಶಾಖ 25 ಡಿಗ್ರಿಯಲ್ಲಿ ಇರುವಾಗ ಅಳೆದ ಅಂಕಿ ಅದು. ಜಗತ್ತಿನ ಎಲ್ಲ ತಯಾರಕರೂ ಒಪ್ಪಿಕೊಂಡ ಅಳತೆಗೋಲಾದುದರಿಂದ ಅದರಲ್ಲಿ ಮೋಸವೇನೂ ಇಲ್ಲ. ಆದರೆ ಸಂತೆಕಲ್ಲೂರಿನಲ್ಲಿ ಅಷ್ಟು ಬೆಳಕು ಮತ್ತು ಅಷ್ಟು ತಂಪು ಒಟ್ಟಿಗೆ ಸಿಗುವ ಗಳಿಗೆ ವರ್ಷದಲ್ಲಿ ಒಂದೂ ಇಲ್ಲ.

ಅದೇ ಚೀಟಿಯಲ್ಲೋ ಜೊತೆಗೆ ಬರುವ ವಿವರಪತ್ರದಲ್ಲೋ ಸಣ್ಣಕ್ಷರದ ಇನ್ನೆರಡು ಅಂಕಿಗಳಿರುತ್ತವೆ. ಬಿಸಿಲನಾಡಿನವರು ಓದಬೇಕಾದುದು ಅವುಗಳನ್ನು. ಒಂದು, ತೆರೆದ ಚೌಕಟ್ಟಿನ ಮೇಲೆ ಸಾಧಾರಣ ಗಾಳಿಯಲ್ಲಿ ಫಲಕ ಎಷ್ಟು ಬಿಸಿಯಾಗುತ್ತದೆ ಎಂಬುದು. ಅದು ಬಹುತೇಕ 45 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆದರೆ ಹೊರಗಿನ ಗಾಳಿ 20 ಡಿಗ್ರಿ ಇದ್ದಾಗಿನ ಮಾತದು. ಇನ್ನೊಂದು, 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶಕ್ತಿ ಶೇಕಡಾ ಎಷ್ಟು ಕುಗ್ಗುತ್ತದೆ ಎಂಬ ತಾಪ ಗುಣಾಂಕ. ಹಳೆಯ ಬಹುಸ್ಫಟಿಕ ಫಲಕಗಳಲ್ಲಿ ಇದು ಶೇ. 0.40ರಿಂದ 0.45, ಇತ್ತೀಚಿನವರೆಗೆ ಮಾರುಕಟ್ಟೆಯನ್ನು ಆಳಿದ ಪರ್ಕ್ ಬಗೆಯಲ್ಲಿ ಸುಮಾರು ಶೇ. 0.35, ಈಗ ಅದರ ಸ್ಥಾನಕ್ಕೆ ಬರುತ್ತಿರುವ ಟಾಪ್‌ಕಾನ್ ಬಗೆಯಲ್ಲಿ ಸುಮಾರು ಶೇ. 0.30; ಬೆಲೆ ಹೆಚ್ಚಿನ ಹೆಟೆರೋಜಂಕ್ಷನ್ ಬಗೆಯಲ್ಲಿ ಶೇ. 0.25ರ ಸುತ್ತಮುತ್ತ.

ಇವೆರಡನ್ನೂ ಸೇರಿಸಿದರೆ ಲೆಕ್ಕ ಕಷ್ಟದ್ದಲ್ಲ. ಹೊರಗೆ 42 ಡಿಗ್ರಿ ಇದ್ದು ಬಿಸಿಲು ಪೂರ್ಣವಾಗಿದ್ದರೆ, ಗಾಳಿಯಾಡುವ ಚೌಕಟ್ಟಿನ ಮೇಲಿನ ಫಲಕವೂ 73 ಡಿಗ್ರಿ ಮುಟ್ಟುತ್ತದೆ. ಅಳತೆಯ 25 ಡಿಗ್ರಿಗಿಂತ ಅದು 48 ಡಿಗ್ರಿ ಹೆಚ್ಚು. ಹಳೆಯ ಫಲಕವಾದರೆ ಶೇ. 19ರಷ್ಟು, ಪರ್ಕ್ ಆದರೆ ಶೇ. 17ರಷ್ಟು, ಟಾಪ್‌ಕಾನ್ ಆದರೆ ಶೇ. 14ರಷ್ಟು ಶಕ್ತಿ ಆ ಹೊತ್ತಿನಲ್ಲಿ ಮಾಯ. ಅದೇ ದಿನ 34 ಡಿಗ್ರಿ ಇರುವ ಬೆಂಗಳೂರಿನಲ್ಲಿ, ಅಷ್ಟೇ ಬೆಳಕಿನಡಿ, ಅದೇ ಫಲಕ ಶೇ. 3ರಷ್ಟು ಹೆಚ್ಚು ವಿದ್ಯುತ್ ಕೊಡುತ್ತದೆ. ಬಿಸಿಲು ಹೆಚ್ಚಿರುವ ಊರಿಗೆ ಬಂದ ಫಲಕ ಬಿಸಿಲಿನಿಂದಾಗಿಯೇ ಹಿಂದೆ ಬೀಳುವ ವಿಪರ್ಯಾಸವಿದು. ವರ್ಷವಿಡೀ ತೂಗಿ ನೋಡಿದರೆ ರಾಯಚೂರಿನಂತಹ ಹವೆಯಲ್ಲಿ ಶಾಖದಿಂದಾಗುವ ನಷ್ಟ ಶೇ. 10ರ ಹತ್ತಿರಕ್ಕೆ ಬರುತ್ತದೆ. 3 ಕಿಲೋವಾಟ್‌ನ ಮನೆಗೆ ಅದು ವರ್ಷಕ್ಕೆ ನಾನೂರು ಯೂನಿಟ್‌ಗೂ ಮಿಗಿಲು.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಕೋಶಗಳನ್ನು ಹಿಡಿದಿಡುವ ಅಂಟು, ಹಿಂಬದಿಯ ಹಾಳೆ, ಬೆಸುಗೆಗಳು ಇವೆಲ್ಲ ಶಾಖ ಹೆಚ್ಚಿದಂತೆ ಬೇಗನೆ ಹಳಸುತ್ತವೆ. ತಯಾರಕರು 25 ವರ್ಷಗಳ ಭರವಸೆಯನ್ನು ಕೊಡುತ್ತಾರೆ ನಿಜ. ಸಾಲ ಮಾಡಿ ಘಟಕ ಕೂರಿಸಿದ ರೈತನೂ ಆ 25 ವರ್ಷಗಳನ್ನೇ ನಂಬಿ ಕಂತು ಕಟ್ಟುತ್ತಾನೆ. ಪ್ರತಿ ಬೇಸಿಗೆಯಲ್ಲೂ 75-80 ಡಿಗ್ರಿಯಲ್ಲಿ ಬೆಂದ ಫಲಕ, 60 ಡಿಗ್ರಿಯಲ್ಲಿ ಉಳಿದ ಫಲಕದಷ್ಟೇ ಕಾಲ ಬಾಳಲಾರದು.

ನೀರು ಸುರಿದರೆ ಆಗದೇ?

ಶಾಖದ ಮಾತು ಬಂದೊಡನೆ ಎಲ್ಲರಿಗೂ ಹೊಳೆಯುವ ಉಪಾಯ ನೀರು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಗೆ ಹಸಿ ಬಟ್ಟೆ ಸುತ್ತಿ ನೀರು ತಣ್ಣಗಿಡುವ ನಾಡಿನಲ್ಲಿ ಇದು ಹೊಳೆಯದಿದ್ದರೆ ಆಶ್ಚರ್ಯ. ನೀರು ಆವಿಯಾಗುವಾಗ ಅಪಾರ ಶಾಖವನ್ನು ಹೊತ್ತೊಯ್ಯುತ್ತದೆ. ಫಲಕದ ಮೇಲೆ ತೆಳುವಾಗಿ ನೀರು ಹರಿಸಿದರೆ ಅದು 15-20 ಡಿಗ್ರಿ ತಣಿಯುವುದು ನಿಸ್ಸಂದೇಹ. ಪ್ರಯೋಗಾಲಯಗಳಲ್ಲಿ ಇದು ಮತ್ತೆ ಮತ್ತೆ ಸಾಬೀತಾಗಿದೆ. ಆದುದರಿಂದಲೇ ನೀರು ಚಿಮುಕಿಸುವ ಕೊಳವೆಗಳನ್ನು ಸೌರ ಘಟಕದ ಜೊತೆಗೆ ಜೋಡಿಸಿಕೊಳ್ಳಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ.

ಆದರೆ ಎಷ್ಟು ನೀರಿಗೆ ಎಷ್ಟು ವಿದ್ಯುತ್ತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸುಮಾರು ಎರಡು ಚದರ ಮೀಟರ್ ಅಗಲದ 400 ವಾಟ್ ಫಲಕವೊಂದನ್ನು 15 ಡಿಗ್ರಿಯಷ್ಟು ತಂಪಾಗಿರಿಸಲು, ಹನಿಯೊಂದೂ ಪೋಲಾಗದೆ ಎಲ್ಲವೂ ಆವಿಯಾಗುತ್ತದೆಂದು ಇಟ್ಟುಕೊಂಡರೂ, ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಕು. ಅದರಿಂದ ದೊರೆಯುವ ಹೆಚ್ಚುವರಿ ಶಕ್ತಿ 20 ವಾಟ್‌ನ ಆಸುಪಾಸು. ಒಂದು ಮೆಗಾವಾಟ್‌ನ ರೈತ ಸ್ಥಾವರದಲ್ಲಿ ಇಂತಹ 2,500 ಫಲಕಗಳಿರುತ್ತವೆ. ದಿನಕ್ಕೆ ಐದು ಗಂಟೆ ನೀರು ಹರಿಸಿದರೆ 15,000 ಲೀಟರ್ ಆವಿಯಾಗಿ ಹೋಗಿ, ಪ್ರತಿಯಾಗಿ ಕೈಸೇರುವುದು ಹೆಚ್ಚೆಂದರೆ 200ರಿಂದ 250 ಯೂನಿಟ್. ಯೂನಿಟ್‌ಗೆ ಮೂರು ರೂಪಾಯಿ ಎಂದು ಹಿಡಿದರೆ ಆರೇಳು ನೂರು ರೂಪಾಯಿ. ಐದು ಸಾವಿರ ಲೀಟರಿನ ಮೂರು ಟ್ಯಾಂಕರ್ ನೀರಿಗೆ ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದಲ್ಲಿ ಏನು ಬೆಲೆಯೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಇದನ್ನೇ ಇನ್ನೊಂದು ಬಗೆಯಿಂದ ನೋಡಬಹುದು. ಹೀಗೆ ಪಡೆದ ಪ್ರತಿ ಹೆಚ್ಚುವರಿ ಯೂನಿಟ್‌ಗೆ 60ರಿಂದ 70 ಲೀಟರ್ ನೀರು ಖರ್ಚಾಗುತ್ತದೆ. ಕೃಷ್ಣೆಯ ನೀರನ್ನು ಕುಡಿದು ನಡೆಯುವ ಶಕ್ತಿನಗರದ ಉಷ್ಣ ಸ್ಥಾವರವನ್ನು ನೀರುಬಾಕ ಎಂದು ದೂರುವುದುಂಟು. ಕಲ್ಲಿದ್ದಲು ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ವಿಧಿಸಿದ ಮಿತಿ ಯೂನಿಟ್‌ಗೆ ಸುಮಾರು ಮೂರೂವರೆ ಲೀಟರ್. ನೀರು ಚಿಮುಕಿಸಿ ಪಡೆದ ಸೌರ ಯೂನಿಟ್ ಅದರ ಹದಿನೇಳು ಪಟ್ಟಿಗೂ ಹೆಚ್ಚು ನೀರು ಕುಡಿಯುತ್ತದೆ. ಹಸಿರು ವಿದ್ಯುತ್ತಿನ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ಕಷ್ಟ.

ಅದರಲ್ಲಿಯೂ ಇದು ಮಸ್ಕಿ ತಾಲ್ಲೂಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕೂತ, 2021ರ ಉಪಚುನಾವಣೆಯಲ್ಲಿ ಅದೇ ಮುಖ್ಯ ಪ್ರಶ್ನೆಗಳಲ್ಲೊಂದಾದ ತಾಲ್ಲೂಕು. ಪಕ್ಕದ ಸಿಂಧನೂರಿನ ಭತ್ತದ ಗದ್ದೆಗಳಿಗೆ ಹರಿಯುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯಂಚಿನ ಹೊಲಗಳನ್ನು ಮುಟ್ಟುವುದೇ ಪ್ರತಿ ಹಂಗಾಮಿನ ವಿವಾದ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಉಸಿರು ಬಿಗಿಹಿಡಿದು ಕೂತಿತ್ತು. ಇಂತಹ ನಾಡಿನಲ್ಲಿ ಫಲಕಗಳಿಗೂ ನೀರಿನ ಪಾಲು ಕೇಳುವುದು ಎಷ್ಟು ಸರಿ?

ಕೊಳವೆಬಾವಿಯ ನೀರಿನಿಂದ ಇನ್ನೊಂದು ತೊಡಕೂ ಇದೆ. ಲಿಂಗಸುಗೂರು, ಮಸ್ಕಿ ಸೀಮೆಯ ಅಂತರ್ಜಲ ಬಹುತೇಕ ಗಡಸು. ಮನೆಯ ಹಂಡೆಯ ಒಳಮೈಗೆ ಕಟ್ಟುವ ಬಿಳಿ ಪದರವೇ ಸಾಕ್ಷಿ. ಬಿಸಿ ಗಾಜಿನ ಮೇಲೆ ಬಿದ್ದ ಇಂತಹ ನೀರು ಆರಿದಾಗ ಅದೇ ಬಿಳಿ ಕಲೆ ಫಲಕದ ಮೇಲೂ ಉಳಿದು, ಒಂದೆರಡು ಬೇಸಿಗೆಗಳಲ್ಲಿ ಬೆಳಕನ್ನೇ ತಡೆಯುತ್ತದೆ. ಮೇಲಾಗಿ ನಡುಹಗಲಿನಲ್ಲಿ ಕಾದ ಗಾಜಿಗೆ ತಣ್ಣೀರು ಎರಚುವುದನ್ನು ತಯಾರಕರೇ ಬೇಡವೆನ್ನುತ್ತಾರೆ. ಗಾಜು, ಕೋಶ ಎರಡಕ್ಕೂ ಅದು ಪೆಟ್ಟು.

ಹಾಗೆಂದು ಬಕೆಟ್ ನೀರನ್ನು ಮರೆತೇಬಿಡಬೇಕೆಂದಲ್ಲ. ಹೊತ್ತು ಬದಲಾಗಬೇಕು, ಉದ್ದೇಶ ಬದಲಾಗಬೇಕು. ಜೋಳದ ರಾಶಿ ನಡೆಯುವ ದಿನಗಳಲ್ಲಿ, ಎರೆಹೊಲದ ಗಾಳಿಯಲ್ಲಿ, ಮಣ್ಣು ರಸ್ತೆಯ ಪಕ್ಕದಲ್ಲಿ ಫಲಕದ ಮೇಲೆ ಕೂರುವ ಧೂಳು ಶಾಖದಷ್ಟೇ ದೊಡ್ಡ ಕಳ್ಳ. ಹತ್ತು ದಿನಗಳ ಧೂಳು ಶೇ. 4ರಷ್ಟು ವಿದ್ಯುತ್ ಕುಗ್ಗಿಸಿತೆಂದು ಹಿಡಿಯೋಣ. ಬೆಳಗಿನ ಜಾವ, ಫಲಕ ತಣ್ಣಗಿರುವಾಗ, ಎರಡು ಲೀಟರ್ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಆ ನಷ್ಟ ತುಂಬುತ್ತದೆ. ಇಲ್ಲಿ ಒಂದು ಯೂನಿಟ್‌ಗೆ ತಗಲುವ ನೀರು ಆರೇಳು ಲೀಟರ್ ಮಾತ್ರ. ಅದೇ ನೀರು ಮಧ್ಯಾಹ್ನ ತಂಪೆರೆಯಲು ಹೋದರೆ ಹತ್ತನೆಯ ಒಂದಂಶದ ಫಲವನ್ನಷ್ಟೇ ಕೊಡುತ್ತದೆ.

ನೀರಿನ ಉಪಾಯ ನಿಜವಾಗಿ ಹೊಂದುವ ಜಾಗ ಒಂದಿದೆ: ಸೌರ ಪಂಪ್‌ಸೆಟ್. ಅಲ್ಲಿ ನೀರು ಹೇಗೂ ಮೇಲೆ ಬಂದು ಹೊಲಕ್ಕೆ ಹೋಗುತ್ತಿರುತ್ತದೆ. ಹೋಗುವ ದಾರಿಯಲ್ಲಿ ಅದರ ಒಂದು ಪಾಲನ್ನು ಫಲಕದ ಮೇಲಿಂದ ಹಾಯಿಸಿ, ಕೆಳಗೆ ದೋಣಿಯಲ್ಲಿ ಹಿಡಿದು ಕಾಲುವೆಗೆ ಬಿಟ್ಟರೆ ಆವಿಯಾಗುವುದು ಅಲ್ಪ. ಉಳಿದುದು ಬೆಳೆಗೇ ಸಲ್ಲುತ್ತದೆ. ಇರಾನಿನ ಕೆರ್ಮಾನ್‌ನಲ್ಲಿ, ರಾಯಚೂರಿನಂತೆಯೇ ಒಣ ಹವೆಯ ಊರಿನಲ್ಲಿ, ಸೌರ ಪಂಪಿನ ಫಲಕಗಳ ಮೇಲೆ ಅದೇ ಪಂಪಿನ ನೀರನ್ನು ಚಿಮುಕಿಸಿ ನೋಡಿದ ಸಂಶೋಧಕರು 2009ರಲ್ಲಿಯೇ ಇದರ ಲಾಭವನ್ನು ದಾಖಲಿಸಿದ್ದಾರೆ. ನಡುಹಗಲಿನ ಸೆಕೆಯಲ್ಲಿ ವೋಲ್ಟೇಜ್ ಕುಸಿದು ಪಂಪು ಸೊರಗುವ ಹೊತ್ತಿನಲ್ಲಿಯೇ ಇದು ನೆರವಿಗೆ ಬರುತ್ತದೆ. ಬೆಳಿಗ್ಗೆ ಫಲಕ ಕಾಯುವ ಮೊದಲೇ ನೀರು ಬಿಡಲು ಆರಂಭಿಸಬೇಕು, ಕೊನೆಯಲ್ಲಿ ಗಾಜು ಒರೆಸಬೇಕು ಎಂಬ ಎರಡು ಎಚ್ಚರಿಕೆಗಳೊಂದಿಗೆ.

ಗಾಳಿಗೆ ಬಿಲ್ ಇಲ್ಲ

ನೀರಿಗಿಂತ ಅಗ್ಗದ ತಂಪು ಗಾಳಿ. ಫಲಕದ ಎರಡು ಮೈಗಳಲ್ಲಿ ಹಿಂಬದಿಯೂ ಒಂದೆಂಬುದನ್ನು ಕೂರಿಸುವವರು ಎಷ್ಟೋ ಬಾರಿ ಮರೆಯುತ್ತಾರೆ. ತಗಡಿಗೆ ನೇರವಾಗಿ ಕ್ಲಾಂಪ್ ಹಾಕಿ, ಮೂರು ಬೆರಳು ಸಂದು ಬಿಟ್ಟು ಕೂರಿಸಿದ ಫಲಕವು ಎತ್ತರದ ಚೌಕಟ್ಟಿನ ಮೇಲಿನ ಫಲಕಕ್ಕಿಂತ ನಡುಹಗಲಿನಲ್ಲಿ 10ರಿಂದ 15 ಡಿಗ್ರಿ ಹೆಚ್ಚು ಕಾಯುತ್ತದೆ. ಕೆಳಗಿನ ತಗಡೂ ಕಾದು ತನ್ನ ಸೆಕೆಯನ್ನು ಮೇಲಕ್ಕೆ ದೂಡುವುದರಿಂದ ನಡುವಿನ ಗಾಳಿ ಬೇಯುತ್ತ ನಿಲ್ಲುತ್ತದೆ. ಎರಡು-ಮೂರು ಅಡಿ ಎತ್ತರಿಸಿ, ನಾಲ್ಕೂ ದಿಕ್ಕಿನಿಂದ ಗಾಳಿ ಹಾಯುವಂತೆ ಬಿಟ್ಟರೆ ಅದೇ ಘಟಕದಿಂದ ವರ್ಷಕ್ಕೆ ನೂರರಿಂದ ನೂರೈವತ್ತು ಯೂನಿಟ್ ಹೆಚ್ಚು ದೊರೆಯುತ್ತದೆ. ಇದಕ್ಕೆ ತಗಲುವುದು ಒಂದಿಷ್ಟು ಹೆಚ್ಚಿನ ಕಬ್ಬಿಣ. ಮುಂಗಾರಿನ ಬಿರುಗಾಳಿಗೆ ಅಲುಗದಂತೆ ಕಾಲುಗಳನ್ನು ಬಿಗಿಯುವ ಕೆಲಸ. ಮುಂದೆ 25 ವರ್ಷ ಅದಕ್ಕೆ ಬಿಲ್ ಬರುವುದಿಲ್ಲ.

ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳು ಒಳಗಿನವರನ್ನು ತಂಪಾಗಿಟ್ಟದ್ದು ದಪ್ಪ ಮಣ್ಣಿನ ಬಲದಿಂದ. ಅವುಗಳ ಮೇಲೆ ಘಟಕದ ಭಾರ ಹೊರಿಸುವುದು ಅಪಾಯವಾದುದರಿಂದ ಸೌರಫಲಕ ಹೋಗುವುದು ಹೊಸ ಸಿಮೆಂಟ್ ಛಾವಣಿಗೆ ಇಲ್ಲವೇ ತಗಡಿಗೆ, ಅಂದರೆ ಹೆಚ್ಚು ಕಾಯುವ ಛಾವಣಿಗಳಿಗೇ. ಅಂತಹ ಸಿಮೆಂಟ್ ಛಾವಣಿಗೆ ಫಲಕದ ಅಡಿಯಲ್ಲಿ ಸುಣ್ಣ ಬಳಿದರೆ ಎರಡು ಲಾಭ. ಛಾವಣಿ ಕಾಯುವುದು ತಗ್ಗುತ್ತದೆ. ಎರಡೂ ಬದಿಯಿಂದ ಬೆಳಕು ಹೀರುವ ಇತ್ತೀಚಿನ ಫಲಕವಾದರೆ ಬಿಳಿ ನೆಲದಿಂದ ಚಿಮ್ಮಿದ ಬೆಳಕು ಹಿಂಬದಿಯಿಂದಲೂ ವಿದ್ಯುತ್ತಾಗುತ್ತದೆ. ಕೆಳಗಿನ ಕೋಣೆಯವರಿಗೆ ಮೇ ತಿಂಗಳ ರಾತ್ರಿ ಒಂದಿಷ್ಟು ನಿದ್ದೆಯೂ ಬಂದೀತು.

ಪ್ರಯೋಗಾಲಯಗಳಿಂದ ಬರುವ ಸುದ್ದಿಗಳಿಗೂ ಕೊರತೆಯಿಲ್ಲ. ರಾತ್ರಿ ಗಾಳಿಯಿಂದ ತೇವ ಹೀರಿ ಹಗಲು ಅದನ್ನು ಆವಿಯಾಗಿಸುತ್ತ ಫಲಕವನ್ನು ಸುಮಾರು 10 ಡಿಗ್ರಿ ತಣಿಸುವ ಒಂದು ಬಗೆಯ ಲೋಳೆಯ ಪದರವನ್ನು 2020ರಲ್ಲಿ ಸಂಶೋಧಕರು ತೋರಿಸಿದರು. ಹಿಂಬದಿಗೆ ಮೇಣದಂತಹ ವಸ್ತು ತುಂಬುವುದು, ಅಲ್ಯೂಮಿನಿಯಂ ರೆಕ್ಕೆ ಜೋಡಿಸುವುದು ಇತ್ಯಾದಿಗಳೂ ಇವೆ. ಮೇ ತಿಂಗಳ ರಾಯಚೂರಿನ ಒಣ ರಾತ್ರಿಯಲ್ಲಿ ಹೀರಿಕೊಳ್ಳಲು ಎಷ್ಟು ತೇವ ಉಳಿದಿರುತ್ತದೆ ಎಂಬುದು ಬೇರೆ ಮಾತು. ಇವು ಯಾವುವೂ ಇಂದು ಅಂಗಡಿಯಲ್ಲಿ ಕೊಳ್ಳುವವನ ಆಯ್ಕೆಗಳಲ್ಲ.

ಹೊಲದ ಫಲಕ, ಕಾಲುವೆಯ ಫಲಕ

ಮನೆಯ ಛಾವಣಿಯಿಂದ ಹೊಲಕ್ಕೆ ಇಳಿದರೆ ಪ್ರಶ್ನೆ ಇನ್ನಷ್ಟು ದೊಡ್ಡದಾಗುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು, ಗಿಡಗಂಟಿ ತೆಗೆದು, ನೆಲಕ್ಕೆ ತಗ್ಗಾಗಿ ಫಲಕಗಳನ್ನು ಹಾಸಲಾಯಿತು. ಗುತ್ತಿಗೆಯ ಹಣ ಬಂದಿತು. ಕುರಿ ಮೇಯುವ ನೆಲ ಹೋಯಿತು. ಬರಿದಾದ ನೆಲ ಹಗಲೆಲ್ಲ ಕಾದು ಫಲಕದ ಹಿಂಬದಿಗೆ ಶಾಖ ಉಗುಳುತ್ತದೆ. ಸಿಂಧನೂರು-ಮಸ್ಕಿ ಸೀಮೆಯ ಕಪ್ಪು ಎರೆಮಣ್ಣಿನಲ್ಲಿ ಈ ಉಗುಳು ಇನ್ನೂ ಜೋರು.

ಇದಕ್ಕೆ ಪ್ರತಿಯಾಗಿ ಫಲಕಗಳನ್ನು ಎತ್ತರಿಸಿ ಅಡಿಯಲ್ಲಿ ಬೆಳೆ ಬೆಳೆಯುವ ಕ್ರಮವಿದೆ. ಗಿಡಗಳು ಎಲೆಯ ಮೂಲಕ ಹೊರಬಿಡುವ ತೇವ ಫಲಕವನ್ನು ತಣಿಸುತ್ತದೆ. ಫಲಕದ ನೆರಳು ಗಿಡದ ನೀರಿನ ದಾಹವನ್ನು ತಗ್ಗಿಸುತ್ತದೆ. ಅಮೆರಿಕದ ಅರಿಝೋನಾದ ಒಣನೆಲದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಕಾರಿಯ ಮೇಲಿನ ಫಲಕಗಳು ಬರಿನೆಲದ ಮೇಲಿನವುಗಳಿಗಿಂತ ಹಗಲಿನಲ್ಲಿ ಸುಮಾರು 9 ಡಿಗ್ರಿ ತಂಪಾಗಿದ್ದವು. ಮೇ-ಜುಲೈ ಅವಧಿಯ ವಿದ್ಯುತ್ ಶೇ. 3ರಷ್ಟು ಹೆಚ್ಚಿತು, ವರ್ಷದ ಲೆಕ್ಕದಲ್ಲಿ ಶೇ. 1. ವಿದ್ಯುತ್ತಿನ ಲಾಭ ಚಿಕ್ಕದೇ. ಆದರೆ ಅದೇ ನೆರಳಿನಲ್ಲಿ ಅಲ್ಲಿನ ಕಾಡುಮೆಣಸಿನಕಾಯಿಯ ಇಳುವರಿ ಮೂರು ಪಟ್ಟಾಯಿತು, ಟೊಮೆಟೊ ಇಮ್ಮಡಿಯಾಯಿತು. ಮೆಣಸಿನಕಾಯಿ ಬೆಳೆಯುವ ರಾಯಚೂರು ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ. ಜೋಧಪುರದಲ್ಲಿ ಕೇಂದ್ರೀಯ ಒಣಭೂಮಿ ಸಂಶೋಧನಾ ಸಂಸ್ಥೆಯು 105 ಕಿಲೋವಾಟ್‌ನ ಇಂತಹ ಘಟಕ ಸ್ಥಾಪಿಸಿ, ಫಲಕಗಳ ಮೇಲೆ ಬಿದ್ದ ಮಳೆನೀರನ್ನೂ ಹಿಡಿದು ಬಳಸುತ್ತಿದೆ.

ಜೋಳ, ಹತ್ತಿ, ಸೂರ್ಯಕಾಂತಿಗಳು ಪೂರ್ಣ ಬಿಸಿಲನ್ನೇ ಬೇಡುವ ಬೆಳೆಗಳು. ಅವನ್ನು ಫಲಕದ ನೆರಳಿಗೆ ಒಯ್ಯುವುದರಲ್ಲಿ ಅರ್ಥವಿಲ್ಲ. ಯಾವ ಬೆಳೆ, ಎಷ್ಟು ನೆರಳು, ಎಷ್ಟು ಎತ್ತರ ಎಂಬುದನ್ನು ಎರೆಭೂಮಿಯಲ್ಲಿಯೇ ಪರೀಕ್ಷಿಸಿ ಹೇಳಬೇಕಾದ ಸಂಸ್ಥೆ ಜಿಲ್ಲೆಯಲ್ಲಿಯೇ ಇದೆ: 2008ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ. ಹತ್ತೊಂಬತ್ತನೆಯ ಶತಮಾನದಲ್ಲಿಯೇ 'ಕೃಷಿಜ್ಞಾನ ಪ್ರದೀಪಿಕೆ' ರಚಿಸಿದ ಘನಮಠದ ನಾಗಭೂಷಣ ಶಿವಯೋಗಿಗಳ ನೆಲೆ ಸಂತೆಕಲ್ಲೂರು. ಒಂದು ಪ್ರಯೋಗದ ತಾಕನ್ನು ಅಲ್ಲಿ ಇರಿಸಿದರೆ ಅಸ್ಥಾನವೆನಿಸದು.

ಕಾಲುವೆಗಳ ಮೇಲೆ ಫಲಕ ಹೊದಿಸುವ ಆಲೋಚನೆ ಅಚ್ಚುಕಟ್ಟಿನ ಜನಪ್ರತಿನಿಧಿಗಳಿಗೆ ಬಹಳ ಪ್ರಿಯ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಚಂದ್ರಾಸನ್‌ನಲ್ಲಿ ನರ್ಮದಾ ಶಾಖಾಕಾಲುವೆಯ ಮುಕ್ಕಾಲು ಕಿಲೋಮೀಟರ್ ಉದ್ದಕ್ಕೂ 1 ಮೆಗಾವಾಟ್ ಘಟಕವನ್ನು 2012ರಲ್ಲಿ ನಿರ್ಮಿಸಲಾಯಿತು. ಭೂಮಿ ಉಳಿಯುತ್ತದೆ, ನೀರಿನ ಆವಿ ತಗ್ಗುತ್ತದೆ, ಕೆಳಗೆ ಹರಿಯುವ ನೀರು ಫಲಕವನ್ನು ತಂಪಾಗಿಡುತ್ತದೆ. ಹೇಳುವುದಕ್ಕೆ ಎಲ್ಲವೂ ಸರಿ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವುದು ಮುಂಗಾರು ಮತ್ತು ಹಿಂಗಾರಿನ ಬೆಳೆಗಳಿಗೆ. ಫಲಕಗಳು ಅತಿ ಹೆಚ್ಚು ಬೇಯುವ ಮೇ ತಿಂಗಳಲ್ಲಿ ಅದು ಬಹುತೇಕ ಒಣಗಿ ನಿಂತಿರುತ್ತದೆ. ಬರಿದಾದ ಕಾಲುವೆಯ ಕಾದ ಕಾಂಕ್ರೀಟ್ ಫಲಕಕ್ಕೆ ಯಾವ ತಂಪು ಕೊಟ್ಟೀತು? ಹೂಳೆತ್ತುವುದು, ಒಡೆದ ಲೈನಿಂಗ್ ಸರಿಪಡಿಸುವುದು ನಡೆಯುವುದೂ ಅದೇ ತಿಂಗಳುಗಳಲ್ಲಿ; ಮೇಲೆ ಫಲಕ ಹೊದ್ದ ಕಾಲುವೆಗೆ ಜೆಸಿಬಿ ಇಳಿಸುವುದು ಹೇಗೆಂಬುದಕ್ಕೆ ಉತ್ತರ ಬೇಕು. ಭೂಮಿ ಉಳಿಸುವ ಕಾರಣಕ್ಕೆ ಕಾಲುವೆಯ ಏರಿಯ ಮೇಲೆ ಫಲಕ ಹಾಕುವುದನ್ನು ಒಪ್ಪಬಹುದು. ತಂಪಿನ ಕಾರಣ ಮುಂದಿಟ್ಟು ದುಬಾರಿ ಉಕ್ಕಿನ ಸೇತುವೆ ಕಟ್ಟುವುದನ್ನು ಒಪ್ಪುವುದು ಕಷ್ಟ. ಮಾರಲದಿನ್ನಿಯ ಮಸ್ಕಿ ನಾಲಾ ಜಲಾಶಯದಂತಹ ಚಿಕ್ಕ ನೀರುತಾಣಗಳ ಮೇಲೆ ಫಲಕ ತೇಲಿಬಿಡುವ ಸಲಹೆಗೂ ಇದೇ ಮಾತು. 2022ರಲ್ಲಿ ತೆಲಂಗಾಣದ ರಾಮಗುಂಡಂನಲ್ಲಿ 100 ಮೆಗಾವಾಟ್‌ನ ತೇಲುವ ಸ್ಥಾವರ ಪೂರ್ಣಗೊಂಡಿತು; ಅಲ್ಲಿ ಅದರಡಿ ವರ್ಷವಿಡೀ ನೀರಿದೆ.

ಕಿಲೋವಾಟ್‌ಗೆ ಸಬ್ಸಿಡಿ, ಯೂನಿಟ್‌ಗೆ ಇಲ್ಲ

ಇಷ್ಟಾದರೂ ಗಾಳಿಯ ಸಂದನ್ನೂ ತಾಪ ಗುಣಾಂಕವನ್ನೂ ಯಾರೂ ಕೇಳದಿರುವುದಕ್ಕೆ ಕಾರಣ ಸಹಾಯಧನದ ಸ್ವರೂಪದಲ್ಲಿದೆ. ಸೂರ್ಯಘರ್ ಯೋಜನೆಯಡಿ 1 ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೂ ಅದಕ್ಕೆ ಮೇಲ್ಪಟ್ಟುದಕ್ಕೂ 78,000 ರೂಪಾಯಿ. ಎಣಿಕೆ ನಡೆಯುವುದು 25 ಡಿಗ್ರಿಯ ಕಿಲೋವಾಟ್‌ಗಳಲ್ಲಿ. ಅದೇ ಕಿಲೋವಾಟ್ ಮಡಿಕೇರಿಯ ಮನೆಯ ಮೇಲೆ ಎಷ್ಟು ಕೊಟ್ಟಿತು, ಸಂತೆಕಲ್ಲೂರಿನ ತಗಡಿನ ಮೇಲೆ ಎಷ್ಟು ಕೊಟ್ಟಿತು ಎಂಬುದು ಯಾವ ಅರ್ಜಿಯಲ್ಲೂ ಕಾಣುವುದಿಲ್ಲ. ಗುತ್ತಿಗೆದಾರನಿಗೆ ಕಡಿಮೆ ಕಬ್ಬಿಣದ ತಗ್ಗು ಚೌಕಟ್ಟು ಲಾಭ. ದಾಸ್ತಾನಿನಲ್ಲಿ ಉಳಿದ ಹಳೆಯ ಬಗೆಯ ಫಲಕ ಖಾಲಿಯಾದರೆ ಇನ್ನೂ ಲಾಭ. ಗೃಹಜ್ಯೋತಿಯ 200 ಯೂನಿಟ್ ಉಚಿತವಿರುವಾಗ ಮನೆಯವರಿಗೂ ಮೀಟರಿನ ಕಡೆ ಕಣ್ಣಿಡುವ ತುರ್ತಿಲ್ಲ. ಒಟ್ಟಿನಲ್ಲಿ ನಷ್ಟ ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ.

ಅದೇ ಫೀಡರ್ ಮಟ್ಟದ ಸ್ಥಾವರಗಳಿಗೆ ಬಂದರೆ ನಷ್ಟಕ್ಕೆ ಬೆಲೆ ಕಟ್ಟಬಹುದು. ಶೇ. 0.40ರ ಫಲಕದ ಬದಲು ಶೇ. 0.30ರದನ್ನು ಆಯ್ದರೆ ಈ ಹವೆಯಲ್ಲಿ ವರ್ಷಕ್ಕೆ ಶೇ. 3ರಷ್ಟು ಉಳಿತಾಯ. ಒಂದು ಮೆಗಾವಾಟ್‌ಗೆ ಅದು ನಲವತ್ತೈದು ಸಾವಿರ ಯೂನಿಟ್‌ನ ಆಸುಪಾಸು, ಹಣದಲ್ಲಿ ಒಂದು ಲಕ್ಷಕ್ಕೂ ಮೇಲೆ. ಕಲಬುರಗಿ ವಿಭಾಗದ ಟೆಂಡರುಗಳಲ್ಲಿ ತಾಪ ಗುಣಾಂಕಕ್ಕೆ ಒಂದು ಮೇಲ್ಮಿತಿ, ಛಾವಣಿ ಘಟಕಗಳಲ್ಲಿ ಗಾಳಿಸಂದಿಗೆ ಒಂದು ಕನಿಷ್ಠ ಅಳತೆ ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಎರಡು ಸಾಲಿನ ಷರತ್ತು ಸಾಕು. ಜೆಸ್ಕಾಂ ಮತ್ತು ಕ್ರೆಡಲ್ ಮನಸ್ಸು ಮಾಡಬೇಕಷ್ಟೆ.

ಆ ಷರತ್ತಿಗೆ ಬೇಕಾದ ಸಾಕ್ಷ್ಯ ಹೊರದೇಶದಿಂದ ಬರಬೇಕಾಗಿಯೂ ಇಲ್ಲ. ಯಾಪಲದಿನ್ನಿಯ ಫಲಕಗಳು ಒಂದು ದಶಕಕ್ಕೂ ಮಿಕ್ಕಿ ರಾಯಚೂರಿನದೇ ಬಿಸಿಲಿನಲ್ಲಿ ನಿಂತಿವೆ. ಪ್ರತಿ ತಿಂಗಳು ಎಷ್ಟು ಬೆಳಕು ಬಿದ್ದಿತು, ಎಷ್ಟು ಯೂನಿಟ್ ಹೊರಟಿತು ಎಂಬ ಲೆಕ್ಕವನ್ನು ಸಾರ್ವಜನಿಕ ಸಂಸ್ಥೆಯಾದ ವಿದ್ಯುತ್ ನಿಗಮ ಇಟ್ಟಿರಲೇಬೇಕು. ಕಡಲೆ ಕೀಳುವ ತಿಂಗಳ ತಂಪು ಬಿಸಿಲಿನಲ್ಲಿ ಒಂದು ಪಾಲು ಬೆಳಕಿಗೆ ದೊರೆತ ವಿದ್ಯುತ್ತನ್ನೂ ಮೇ ತಿಂಗಳ ಉರಿಯಲ್ಲಿ ಅಷ್ಟೇ ಬೆಳಕಿಗೆ ದೊರೆತುದನ್ನೂ ಅಕ್ಕಪಕ್ಕದಲ್ಲಿಟ್ಟು ಆ ಲೆಕ್ಕವನ್ನು ನಿಗಮ ಪ್ರಕಟಿಸಿದರೆ, ಮಸ್ಕಿ, ಸಿಂಧನೂರು, ಲಿಂಗಸುಗೂರುಗಳಲ್ಲಿ ಈಗ ಅರ್ಜಿ ಹಿಡಿದು ನಿಂತಿರುವವರು ಗುತ್ತಿಗೆದಾರನ ಮಾತಿಗೆ ಬದಲಾಗಿ ಆ ಅಂಕಿಗಳನ್ನು ನೋಡಿ ಫಲಕ ಆರಿಸಬಹುದು.